ಬೆಟ್ಟದ ಮೇಲಿನ ಶುಕ್ರವಾರ

ಧಾರವಾಡ
೨ ನವೆಂಬರ್ ೨೦೨೪

ಡ್ಯಾಡಿ,

ದಯವಿಟ್ಟು ಇನ್ನು ಮೇಲೆ ನನಗೆ ಫೋನ್ ಮಾಡಬೇಡಿ. ಮಾಡಿದರೂ ನಾನು ಎತ್ತುವುದಿಲ್ಲ. ವಾಟ್ಸಾಪಿನಲ್ಲಿ ದನಿ ಕಳಿಸುವುದೂ ಬೇಡ. ಮಮ್ಮಿಯ ಸಮಾಧಿಯ ಮಣ್ಣು ಆರುವ ಮುಂಚೆ ಮಗಳು ಹೀಗೆ ಬರೆದಳು ಎಂದು ನಿಮಗೆ ನೋವಾಗುತ್ತದೆ, ಗೊತ್ತು. ಆಗಲಿ ಎಂದೇ ಬರೆಯುತ್ತಿದ್ದೇನೆ.

ಕಾರಣ ಏನೆಂದು ಕೇಳಿದಿರಂತೆ. ಟೆರೆನ್ಸ್ ಮಾಮ ಹೇಳಿದರು. ಸ್ವಂತ ಅಕ್ಕ ಹೋದ ದುಃಖದಲ್ಲಿ ಆ ಪಾಪದವರು ನಮ್ಮಿಬ್ಬರ ನಡುವೆ ಅಂಚೆಯವರಾಗಿದ್ದಾರೆ. ಅವರನ್ನು ಬಿಟ್ಟುಬಿಡಿ, ಕಾರಣ ನಾನೇ ಹೇಳುತ್ತೇನೆ.

ಅಕ್ಟೋಬರ್ ಹನ್ನೊಂದು, ಶುಕ್ರವಾರ. ನಾನು ಕುಮಾವೂನಿನ ಬೆಟ್ಟದ ಮೇಲೆ ಆ ಲೇಖಕರ ಶಿಬಿರದಲ್ಲಿದ್ದೆ. ಅಲ್ಲಿ ಬೆಳಿಗ್ಗೆ ಎಲ್ಲರ ಫೋನುಗಳನ್ನೂ ಬಿಸ್ಕತ್ತಿನ ಡಬ್ಬಿಗೆ ಹಾಕಿ ಅಡುಗೆಮನೆಯ ಕಪಾಟಿನಲ್ಲಿಡುತ್ತಿದ್ದರು, ಸಂಜೆ ಅರ್ಧ ಗಂಟೆ ಮಾತ್ರ ಕೈಗೆ ಕೊಡುತ್ತಿದ್ದರು. ಕೊಟ್ಟ ಕೂಡಲೇ ನಾನು ದೋಹಾಕ್ಕೆ ಫೋನ್ ಮಾಡಿದೆ. ಮಮ್ಮಿ ಎಲ್ಲಿ ಎಂದೆ. ಮಲಗಿದ್ದಾಳೆ ಎಂದಿರಿ. ಒಂದು ನಿಮಿಷ ಎಬ್ಬಿಸಿ, ಹೇಳಲೇಬೇಕಾದದ್ದು ಉಂಟು ಎಂದೆ. "ಮಲಗಲಿ, ಎಬ್ಬಿಸುವುದು ಬೇಡ" ಎಂದಿರಿ.

ಆಮೇಲೆ ನಿಮಗೇ ಎಲ್ಲ ಹೇಳಿದೆ. ಆ ದಿನ ನಾನು ಓದಿದ್ದು ಮಮ್ಮಿಯ ಕಥೆ. ಊರಿಗೆ ಹೊರಡುವ ಹಿಂದಿನ ದಿನ ಸೂಟ್‌ಕೇಸ್ ಎತ್ತಿಕೊಂಡು ತೂಕದ ಯಂತ್ರದ ಮೇಲೆ ನಿಲ್ಲುವುದು, ನಿಮ್ಮಿಂದ ಮುಳ್ಳು ಓದಿಸುವುದು, ಮೂವತ್ತು ಕಿಲೋ ದಾಟಿದರೆ "ಜೇಕಬ್, ನೀನು ಮುಳ್ಳನ್ನು ಸೊಟ್ಟಗೆ ನೋಡುತ್ತೀ" ಎಂದು ಗದರುವುದು. ಅಲ್ಲಿ ಎಲ್ಲರೂ ಬಿದ್ದು ಬಿದ್ದು ನಕ್ಕಿದ್ದರು. ನಿಮಗೂ ಮಮ್ಮಿಯ ದನಿಯಲ್ಲೇ ಹೇಳಿದೆ. ನೀವೂ ನಕ್ಕಿರಿ. ಆ ಭಾಗ ಇನ್ನೊಮ್ಮೆ ಹೇಳು ಎಂದಿರಿ. ಹೇಳಿದೆ.

ಮಮ್ಮಿ ಆ ದಿನ ಬೆಳಿಗ್ಗೆಯೇ ತೀರಿಕೊಂಡಿದ್ದಳು. ನಾನು ಅವಳನ್ನು ಅಣಕಿಸುತ್ತಿದ್ದಾಗ ಅವಳು ಆಸ್ಪತ್ರೆಯ ಶವಾಗಾರದಲ್ಲಿದ್ದಳು, ನಿಮಗೆ ಅದು ಗೊತ್ತಿತ್ತು.

ಫೋನಿನಲ್ಲಿ ನಿಮ್ಮ ದನಿ ಏನು ಹೇಳಿದರೂ ನಾನು ಇನ್ನು ನಂಬಲಾರೆ. ಹೇಳುವುದಿದ್ದರೆ ಕಾಗದದಲ್ಲಿ ಬರೆಯಿರಿ. ಕಾಗದದಲ್ಲಾದರೆ ಕೈ ಎಲ್ಲಿ ತಡವರಿಸಿತು ಎಂದಾದರೂ ಕಾಣುತ್ತದೆ.

ಇಂತಿ,
ಪರ್ಲ್

*

ಅಲ್ ಥುಮಾಮಾ, ದೋಹಾ
೨೨ ನವೆಂಬರ್ ೨೦೨೪

ಪ್ರೀತಿಯ ಪರ್ಲ್,

ದೇವರ ದಯೆಯಿಂದ ನಾನು ಇಲ್ಲಿ ಕ್ಷೇಮ ಎಂದು ಬರೆದು ಹೊಡೆದುಹಾಕಿದ್ದೇನೆ, ಮೇಲೆ ಕಾಣುತ್ತದೆ. ಸುಳ್ಳು ಬರೆಯಬಾರದು ಎಂದು ನಿನ್ನ ಆರ್ಡರ್ ಆಗಿದೆಯಲ್ಲ. ಕ್ಷೇಮ ಇಲ್ಲ. ಆದರೆ ಉಣ್ಣುತ್ತೇನೆ, ಡ್ಯೂಟಿಗೆ ಹೋಗುತ್ತೇನೆ.

ನಾವು ಮನೆಯಲ್ಲಿ ಆಡುವುದು ಕೊಂಕಣಿಯಾದರೂ ಪೆನ್ನು ಹಿಡಿದರೆ ನನಗೆ ಬರುವುದು ಶಾಲೆಯಲ್ಲಿ ಕಲಿತ ಕನ್ನಡವೇ. ನಿನಗೂ ನಿನ್ನ ಮಮ್ಮಿ ಕಲಿಸಿದ್ದು ಅದನ್ನೇ. ದೋಹಾದ ಇಂಗ್ಲಿಷ್ ಶಾಲೆಗೆ ಹೋಗುವ ಹುಡುಗಿಯನ್ನು ಪಕ್ಕದಲ್ಲಿ ಕೂರಿಸಿ, ಊರಿನಿಂದ ತಂದ ಹಳೇ ವಾರಪತ್ರಿಕೆ ಹರಡಿ ಕಾಗುಣಿತ ತಿದ್ದಿಸಿದಳು. ಆ ಹುಡುಗಿ ಈಗ ಅದೇ ಕನ್ನಡದಲ್ಲಿ ಅಪ್ಪನಿಗೆ ಬಯ್ಯುತ್ತಾಳೆ. ಡೊರೊತಿ ಕಲಿಸಿದ್ದು ವ್ಯರ್ಥವಾಗಲಿಲ್ಲ.

ಈಗ ನಿನ್ನ ಕಾರಣಕ್ಕೆ ನನ್ನ ಉತ್ತರ. ಇಲ್ಲಿ ಶುಕ್ರವಾರ, ಶನಿವಾರ ಆಫೀಸುಗಳಿಗೆ ರಜೆ. ಎಂಬೆಸಿಯ ಕಾಗದ, ಕಾರ್ಗೋದ ಕಾಗದ, ಎಲ್ಲ ಶುರುವಾಗುವುದು ಭಾನುವಾರ. ಎಷ್ಟೇ ಓಡಿದರೂ ಮಂಗಳವಾರದ ಮೊದಲು ಬಾಡಿ ಮಂಗಳೂರು ಮುಟ್ಟುವಂತಿರಲಿಲ್ಲ. ಕೆಳಗಿನ ಬಕಾಲೆಯ ಮೊಯ್ದಿನ್ ತನ್ನ ಕಿರಾಣಿ ಅಂಗಡಿ ಮುಚ್ಚಿ ನನ್ನ ಜೊತೆ ಓಡಾಡದಿದ್ದರೆ ಅದೂ ಆಗುತ್ತಿರಲಿಲ್ಲ. ನೀನು ಶುಕ್ರವಾರ ಸಂಜೆಯೇ ಬೆಟ್ಟ ಇಳಿದು ಬಂದಿದ್ದರೆ ಕತ್ತಲಲ್ಲಿ, ಆ ತಿರುವುಗಳ ರಸ್ತೆಯಲ್ಲಿ, ಗುರುತಿಲ್ಲದ ಡ್ರೈವರನ ಜೊತೆ ಒಬ್ಬಳೇ ಅಳುತ್ತಾ ಬರಬೇಕಿತ್ತು. ಬಂದು ಮಾಮನ ಮನೆಯ ಸೋಫಾದಲ್ಲಿ ಕಾಯಬೇಕಿತ್ತು. ಒಂದು ದಿನ ತಡವಾಗಿ ತಿಳಿದರೆ ನಷ್ಟವೇನು ಎಂದು ಲೆಕ್ಕ ಹಾಕಿದೆ. ಟೆರೆನ್ಸನೂ ಹೌದು ಎಂದ.

ಇದು ನಾನೊಬ್ಬನೇ ಮಾಡಿದ್ದಲ್ಲ. ಗಲ್ಫಿಗೆ ಬಂದವರೆಲ್ಲ ಮಾಡುವುದು ಹೀಗೆಯೇ. ತೀರಿಹೋದರು ಎಂದು ಯಾರೂ ಫೋನಿನಲ್ಲಿ ಹೇಳುವುದಿಲ್ಲ. ಸೀರಿಯಸ್ ಉಂಟು, ಹೊರಟು ಬಾ ಎನ್ನುತ್ತೇವೆ. ಉಮ್ಮ್ ಸಲಾಲಿನ ಸ್ಟೀವನ್ ನೆನಪಿದ್ದಾನಲ್ಲ? ಅವನ ಅಪ್ಪ ಹೋದಾಗಲೂ ಹಾಗೇ ಹೇಳಿದ್ದೆವು. ಅವನು ಏರ್‌ಪೋರ್ಟಿನಲ್ಲಿ ಅಪ್ಪನಿಗೆಂದು ಬಾದಾಮಿ ಕೊಂಡು ಮಡಿಲಲ್ಲಿಟ್ಟುಕೊಂಡು ಹೋದ. ಊರು ಮುಟ್ಟುವವರೆಗಾದರೂ ಅವನಿಗೆ ಅಪ್ಪ ಇದ್ದನಲ್ಲ.

ಮೊಯ್ದಿನ್ ರಜೆಯಲ್ಲಿ ಊರಿಗೆ ಹೋಗುತ್ತಿದ್ದಾನೆ, ಅವನ ಕೈಯಲ್ಲಿ ಇದನ್ನೂ ಒಂದು ಕಟ್ಟನ್ನೂ ಕಳಿಸುತ್ತಿದ್ದೇನೆ. ಮಂಗಳೂರಿನಿಂದ ಟೆರೆನ್ಸ್ ಬಸ್ಸಿಗೆ ಹಾಕುತ್ತಾನೆ. ಖರ್ಜೂರ ನಿನಗೆ. ಬೂದು ಬಣ್ಣದ ಸ್ವೆಟರ್ ಅವಳದು. ಒಗೆದಿಲ್ಲ.

ನಿನ್ನ,
ಡ್ಯಾಡಿ

*

ಧಾರವಾಡ
೧೪ ಡಿಸೆಂಬರ್ ೨೦೨೪

ಡ್ಯಾಡಿ,

ಸ್ವೆಟರ್ ಬಂತು. ಅದರ ಬಗ್ಗೆ ಏನೂ ಬರೆಯಲಾರೆ.

ಸ್ಟೀವನ್ ಅಂಕಲ್ ಕಥೆಯನ್ನು ನೀವು ನಿಮ್ಮ ಪರವಾಗಿ ಹೇಳಿದ್ದೀರಿ. ಆ ಬಾದಾಮಿ ಏನಾಯಿತು ಎಂದು ಯಾರಾದರೂ ಅವರನ್ನು ಕೇಳಿದಿರಾ? ನಾನು ಕೇಳಿದ್ದೇನೆ. ಶಾಲೆಯಲ್ಲಿದ್ದಾಗ ಅವರ ಮಗಳು ನನ್ನ ಬೆಂಚಿನಲ್ಲಿ ಕೂರುತ್ತಿದ್ದಳು. ಆ ಪೊಟ್ಟಣವನ್ನು ಅವರು ಒಡೆಯಲೂ ಇಲ್ಲ, ಬಿಸಾಡಲೂ ಇಲ್ಲ. ಹುಳ ಬಿದ್ದ ಮೇಲೂ ಕಪಾಟಿನಲ್ಲಿತ್ತಂತೆ.

ಶನಿವಾರ ಬೆಳಿಗ್ಗೆ ಮಾಮ ಶಿಬಿರದ ಮನೆಯ ಫೋನಿಗೇ ಮಾಡಿ "ಮಮ್ಮಿಗೆ ಸೀರಿಯಸ್" ಎಂದರು. ದೋಹಾದಲ್ಲಿ ಬೆಳೆದ ಹುಡುಗಿಗೆ ಆ ಮಾತಿನ ಅರ್ಥ ಹೇಳಿಕೊಡಬೇಕೇ? ಯಾವಾಗ ಹೋದಳು ಎಂದು ಕೇಳಿದೆ. ಅವರು ಅತ್ತರು. ಆಮೇಲೆ ನಿನ್ನೆ ಎಂದರು.

ಅಲ್ಲಿಂದ ವಿಮಾನ ನಿಲ್ದಾಣದವರೆಗೆ ಟ್ಯಾಕ್ಸಿಯಲ್ಲಿ ನಾನು ಅಳಲಿಲ್ಲ, ಡ್ಯಾಡಿ. ಹಿಂದಿನ ದಿನವನ್ನು ಬಿಚ್ಚಿ ಬಿಚ್ಚಿ ನೋಡುತ್ತಿದ್ದೆ. ನಾನು ಚಹಾ ಕುಡಿಯುತ್ತಿದ್ದಾಗ ಮಮ್ಮಿ ಇದ್ದಳೇ? ಹಿಮದ ಬೆಟ್ಟ ಕಂಡಿತೆಂದು ಕುಣಿದಾಗ? ಕಥೆ ಓದಿದಾಗಂತೂ ಇರಲಿಲ್ಲ. ನನ್ನ ಬದುಕಿನಲ್ಲಿ ಅಷ್ಟು ಸಂತೋಷದ ದಿನ ಹಿಂದೆ ಬಂದಿರಲಿಲ್ಲ. ಈಗ ಆ ದಿನವನ್ನು ಮುಟ್ಟಲು ಅಸಹ್ಯವಾಗುತ್ತದೆ. ಆ ಕಥೆ ಅರ್ಧಕ್ಕೇ ನಿಂತಿದೆ. ಬರೆಯಲು ಕೂತರೆ ಅವರೆಲ್ಲ ನಕ್ಕದ್ದು ಕೇಳುತ್ತದೆ.

ಒಂದು ದಿನ ತಡವಾದರೆ ನಷ್ಟವೇನು ಎಂದಿರಿ. ನನಗೆ ಎರಡು ನಷ್ಟ. ಮಮ್ಮಿಗಾಗಿ ಅಳಬೇಕಾಗಿದ್ದ ದಿನವೂ ಹೋಯಿತು, ನಾನು ನಕ್ಕ ದಿನವೂ ಹೋಯಿತು.

ಕ್ರಿಸ್ಮಸ್ಸಿಗೆ ನೀವು ಊರಿಗೆ ಬರುತ್ತೀರಂತೆ. ನಾನು ಇಲ್ಲೇ ಇರುತ್ತೇನೆ, ಪರೀಕ್ಷೆಯ ಪೇಪರು ತಿದ್ದುವುದಿದೆ. ಇದು ಸುಳ್ಳು. ಪೇಪರು ಮುಗಿದಿವೆ.

ಪರ್ಲ್

*

ಅಲ್ ಥುಮಾಮಾ
೩೧ ಜನವರಿ ೨೦೨೫

ಪ್ರೀತಿಯ ಪರ್ಲ್,

ಕ್ರಿಸ್ಮಸ್ಸಿಗೆ ನಾನೂ ಹೋಗಲಿಲ್ಲ. ನೀನಿಲ್ಲದ ಮೇಲೆ ಅಲ್ಲಿ ಹಬ್ಬದ ಕುಸ್ವಾರ್ ತಿಂಡಿ ತಿನ್ನಲು ನನಗೇನು ಕೆಲಸ. ಇಗರ್ಜಿಗೆ ಹೋಗಿ ಬಂದು, ಮೊಯ್ದಿನ್ ಕೊಟ್ಟ ಬಿರಿಯಾನಿ ಉಂಡು ಮಲಗಿದೆ.

ಮಮ್ಮಿ ಆಗ ಇದ್ದಳೇ, ಈಗ ಇದ್ದಳೇ ಎಂದು ಟ್ಯಾಕ್ಸಿಯಲ್ಲಿ ಹುಡುಕಿದೆ ಎಂದು ಬರೆದೆಯಲ್ಲ. ಅದನ್ನು ಓದಿದ ಮೇಲೆ ಆ ಬೆಳಿಗ್ಗೆಯನ್ನು ನಿನಗೆ ಕೊಡುವುದು ನನ್ನ ಕೆಲಸ ಎನಿಸಿತು. ಟೆರೆನ್ಸನಿಗೂ ಇದನ್ನು ಪೂರ್ತಿ ಹೇಳಿಲ್ಲ.

ಶುಕ್ರವಾರ ಇಲ್ಲಿ ನಮ್ಮ ಭಾನುವಾರ, ನಿನಗೆ ಗೊತ್ತು. ಬೇಗ ಎದ್ದು ಪೂಜೆಗೆ ಹೊರಡಲು ನೀಲಿ ಸೀರೆ ಉಟ್ಟಳು. ಉಡುವಾಗಲೇ ಜಗಳ, ನನ್ನ ಅಂಗಿಗೆ ಇಸ್ತ್ರಿ ಸರಿಯಿಲ್ಲ ಎಂದು. ಹಿಂದಿನ ವಾರ ಇಗರ್ಜಿಯ ಅಂಗಳದಲ್ಲಿ ಎಡ್ನಾಳನ್ನು ನಿಲ್ಲಿಸಿಕೊಂಡು, ನನ್ನ ಮಗಳನ್ನು ಕಥೆ ಬರೆಯಲಿಕ್ಕೆ ಹಿಮಾಲಯಕ್ಕೆ ಕರೆದಿದ್ದಾರೆ ಎಂದು ಹೇಳಿದ್ದಳು. ಎಡ್ನಾ, ಕಥೆ ಬರೆಯಲಿಕ್ಕೆ ಅಷ್ಟು ಎತ್ತರ ಯಾಕೆ ಎಂದು ಕೇಳಿದ್ದಕ್ಕೆ ಇವಳಿಗೆ ಸಿಟ್ಟು. ಆ ಸಿಟ್ಟು ಆ ಬೆಳಿಗ್ಗೆಗೂ ಇಳಿದಿರಲಿಲ್ಲ. ಇವತ್ತು ಸಿಕ್ಕಿದರೆ ಉತ್ತರ ಕೊಡುತ್ತೇನೆ ಎಂದಳು. ನನ್ನ ಹತ್ತಿರ ಮಾತ್ರ, ನಿನ್ನ ಮಗಳು ಬೆಟ್ಟ ಅಗೆದು ಇಲಿ ಹಿಡಿಯದಿದ್ದರೆ ಸಾಕು ಎಂದು ನಕ್ಕಳು.

ನೀನು ಚಿಕ್ಕವಳಿದ್ದಾಗ ಜೆಕ್ರೀತಿನ ಬಂಡೆ ಹತ್ತಿ, ಡ್ಯಾಡಿ ನಾನು ಬೆಟ್ಟ ಹತ್ತಿದೆ ಎಂದು ಕೂಗಿದ್ದೆ. ಇಡೀ ಕತಾರಿನಲ್ಲಿ ಬೆಟ್ಟ ಎಂದರೆ ಅಷ್ಟೇ. ಅದನ್ನೂ ನೆನಪಿಸಿದಳು. ಈಗ ನಿಜವಾದ ಬೆಟ್ಟ ಹತ್ತಿದ್ದಾಳೆ ನೋಡು ಎಂದಳು.

ಸಂಜೆ ನೀನು ಫೋನ್ ಮಾಡಿದರೆ ಏನೇನು ಕೇಳಬೇಕು ಎಂದು ಎರಡು ದಿನದಿಂದ ಅವಳ ಬಾಯಲ್ಲಿ ಅದೇ. ಬಿಸಿನೀರು ಉಂಟಾ, ಕಾಲಿಗೆ ಸಾಕ್ಸ್ ಹಾಕುತ್ತಾಳಾ, ಊಟಕ್ಕೆ ಎಂತ ಕೊಡುತ್ತಾರೆ, ಓದುವಾಗ ಕೈ ನಡುಗಿತಾ. ನನಗೆ ನಿದ್ದೆ ಬಂದಿದ್ದರೆ ನೀನಾದರೂ ಕೇಳು, ನೀನು ಎಂದರೆ ಹಲೋ ಹೇಗಿದ್ದಿ ಖಲಾಸ್ ಎಂದು ಇಡುವವನು, ಎಂದಳು.

ಆಮೇಲೆ ಚಪ್ಪಲಿ ಹಾಕಲು ಬಾಗಿಲ ಹತ್ತಿರದ ಕುರ್ಚಿಯಲ್ಲಿ ಕೂತಳು. ಒಂದು ಕಾಲಿಗೆ ಹಾಕಿದಳು. ನಾನು ಕಾರಿನ ಕೀ ಹುಡುಕುತ್ತಿದ್ದೆ. "ಜೇಕಬ್, ಸ್ವಲ್ಪ ತಡಿ" ಎಂದಳು. ತಡೆದೆ. ಮತ್ತೆ ಏನೂ ಹೇಳಲಿಲ್ಲ. ಕರೆದರೆ ಉತ್ತರವಿಲ್ಲ. ಆಂಬುಲೆನ್ಸಿನವರು ಬೇಗ ಬಂದರು, ಮಾಡುವುದನ್ನೆಲ್ಲ ಮಾಡಿದರು.

ಆಗ ಇಲ್ಲಿ ಏಳು ಗಂಟೆ. ನಿನಗೆ ಒಂಬತ್ತೂವರೆ. ಟ್ಯಾಕ್ಸಿಯಲ್ಲಿ ಹುಡುಕಿದ್ದು ಇದನ್ನಲ್ಲವೇ, ಬಾಯೆ.

ಡ್ಯಾಡಿ

*

ಧಾರವಾಡ
೨೦ ಮಾರ್ಚ್ ೨೦೨೫

ಡ್ಯಾಡಿ,

ಒಂಬತ್ತೂವರೆಗೆ ನಾವು ಜಗಲಿಯ ಬಿಸಿಲಿನಲ್ಲಿ ಮೂಲಂಗಿ ಪರಾಠ ತಿನ್ನುತ್ತಿದ್ದೆವು. ಈಗ ಗೊತ್ತಾಯಿತು. ಗೊತ್ತಾದದ್ದು ಒಳ್ಳೆಯದೋ ಕೆಟ್ಟದ್ದೋ ಹೇಳಲಾರೆ, ಆದರೆ ಹುಡುಕುವುದು ನಿಂತಿತು.

ಫೋನಿನಲ್ಲಿ ನೀವು ಬಿಸಿನೀರಿನ ಬಗ್ಗೆ, ಸಾಕ್ಸಿನ ಬಗ್ಗೆ ಕೇಳಿದಾಗ ನನಗೆ ಆಶ್ಚರ್ಯವಾಗಿತ್ತು. ಅಪ್ಪ ಸುಧಾರಿಸಿದ್ದಾರೆ ಎಂದು ನನ್ನ ಜೊತೆಯಲ್ಲಿದ್ದ ಗ್ರೀಷ್ಮಾಳಿಗೆ ಹೇಳಿ ನಕ್ಕಿದ್ದೆ. ಅವು ನಿಮ್ಮ ಪ್ರಶ್ನೆಗಳಲ್ಲ ಎಂದು ಆಗಲೇ ತಿಳಿಯಬೇಕಿತ್ತು.

ಒಂದು ಕೇಳುತ್ತೇನೆ. ಫೋನ್ ಇಡುವ ಮೊದಲು ನಾನು, ನಾಳೆ ಮಾಡುತ್ತೇನೆ ಎಂದು ಮಮ್ಮಿಗೆ ಹೇಳಿ ಎಂದೆ. ನೀವು ಹೇಳುತ್ತೇನೆ ಎಂದಿರಿ.

ಯಾರಿಗೆ ಹೇಳಿದಿರಿ?

ಪರ್ಲ್

*

ಧಾರವಾಡ
೨೯ ಜೂನ್ ೨೦೨೫

ಡ್ಯಾಡಿ,

ಮಾರ್ಚಿನ ಪತ್ರಕ್ಕೆ ನೀವು ಉತ್ತರ ಬರೆಯಲಿಲ್ಲ. ಬರೆಯುವುದಿಲ್ಲ ಎಂದೇ ತಿಳಿದು ನಾನೂ ಸುಮ್ಮನಿದ್ದೆ. ಕಳೆದ ಸೋಮವಾರದ ಬಗ್ಗೆ ಮಾತ್ರ ಬರೆಯದೆ ಇರಲಾರೆ.

ದೋಹಾದ ಮೇಲೆ ಕ್ಷಿಪಣಿ ಬಂದವು ಎಂದು ಟಿ.ವಿ.ಯಲ್ಲಿ ನೋಡಿದಾಗ ನನಗೆ ಮೊದಲು ನೆನಪಾದದ್ದು ನಮ್ಮ ಅಡುಗೆಮನೆಯ ಕಿಟಕಿ. ಅಲ್ಲಿಂದ ಏರ್‌ಪೋರ್ಟಿನ ದೀಪ ಕಾಣುತ್ತದಲ್ಲ. ಫೋನ್ ಕೈಗೆತ್ತಿಕೊಂಡೆ. ಫೋನ್ ಮಾಡಬೇಡಿ ಎಂದು ನಿಮಗೆ ಬರೆದವಳು ನಾನೇ. ಆ ಹಟದ ಮಗಳು ನಿಮಗೆ ಮಾಡದೆ ಮೊಯ್ದಿನ್ ಅಂಕಲ್‌ಗೆ ಮಾಡಿದಳು. ಎಷ್ಟೋ ಸಲ ಪ್ರಯತ್ನಿಸಿದ ಮೇಲೆ ಸಿಕ್ಕರು. ಡ್ಯಾಡಿ ಎಲ್ಲಿ ಎಂದೆ.

"ಅವ ಮಲಗಿದ್ದಾನೆ ಮಗಾ" ಎಂದರು.

ನಾನು ಕಿರುಚಿದೆ. ಅವರು ಹೆದರಿದರು, ಅವರ ಮೇಲೆ ತಪ್ಪಿಲ್ಲ. ಎಬ್ಬಿಸಿ, ಈಗಲೇ ಎಬ್ಬಿಸಿ, ದನಿ ಕೇಳಿಸಿ ಎಂದೆ. ಅವರು ಮೆಟ್ಟಿಲು ಹತ್ತುವುದು, ಬಾಗಿಲು ಬಡಿಯುವುದು ಎಲ್ಲ ಕೇಳಿಸುತ್ತಿತ್ತು. ನೀವು ಬಾಗಿಲು ತೆರೆಯಲು ಅಷ್ಟು ಹೊತ್ತು ಯಾಕೆ ಮಾಡಿದಿರಿ? ಆಮೇಲೆ ನಿದ್ದೆಗಣ್ಣಿನ ದನಿಯಲ್ಲಿ, "ಎಂತ ಮಾರಾಯ, ಶಬ್ದ ನಿಂತು ಎಷ್ಟೋ ಹೊತ್ತಾಯಿತಲ್ಲ" ಎಂದು ಅವರಿಗೆ ಹೇಳಿದಿರಿ. ನಾನು ಕಟ್ ಮಾಡಿದೆ.

ಮಾತಾಡಲು ನನ್ನಿಂದ ಆಗುತ್ತಿರಲಿಲ್ಲ. ನೆಲದ ಮೇಲೆ ಕೂತು ಅತ್ತೆ. ಮಮ್ಮಿಗಾಗಿ ಅತ್ತದ್ದೂ ಅವತ್ತೇ ಮೊದಲು.

ಮಾರ್ಚಿನ ಪ್ರಶ್ನೆ ಹಾಗೇ ಇದೆ. ಆದರೆ ಈಗ ಅದನ್ನು ಸಿಟ್ಟಿನಿಂದ ಕೇಳುತ್ತಿಲ್ಲ.

ನಿಮ್ಮ,
ಪರ್ಲ್

*

ಅಲ್ ಥುಮಾಮಾ
೧೮ ಜುಲೈ ೨೦೨೫

ಪ್ರೀತಿಯ ಪರ್ಲ್,

ಫೋನಿನ ಆ ತುದಿಯಲ್ಲಿ ನೀನಿದ್ದಿ ಎಂದು ಮೊಯ್ದಿನ್ ಆಮೇಲೆ ಹೇಳಿದ. ಮೊದಲೇ ಹೇಳಿದ್ದರೆ ನಾನೂ ಏನಾದರೂ ಒಳ್ಳೆಯ ಮಾತು ಹುಡುಕುತ್ತಿದ್ದೆ.

ಮಾರ್ಚಿನ ಪತ್ರಕ್ಕೆ ಬರೆಯದಿದ್ದದ್ದು ಉತ್ತರ ಇಲ್ಲದ್ದರಿಂದ ಅಲ್ಲ. ಎರಡು ಸಲ ಬರೆದು ಹರಿದೆ.

ಹೇಳಿದೆ. ಅವಳಿಗೇ ಹೇಳಿದೆ. ಅವಳು ಹೋದ ಮೇಲಿನ ಸೋಮವಾರ ಪೆಟ್ಟಿಗೆ ಮುಚ್ಚುವ ಮೊದಲು ನನ್ನನ್ನು ಸ್ವಲ್ಪ ಹೊತ್ತು ಒಳಗೆ ಬಿಟ್ಟರು. ಮೊಯ್ದಿನ್ ಹೊರಗೆ ನಿಂತ. ನಾನು ಅವಳ ಕಿವಿಯ ಹತ್ತಿರ ಬಗ್ಗಿ ಎಲ್ಲ ಹೇಳಿದೆ. ಪರ್ಲ್ ಫೋನ್ ಮಾಡಿದ್ದಳು, ಬಿಸಿನೀರು ಉಂಟಂತೆ, ಸಾಕ್ಸ್ ಹಾಕಿದ್ದಾಳಂತೆ. ಓದುವಾಗ ಮೊದಲು ಕೈ ನಡುಗಿತಂತೆ, ಆಮೇಲೆ ಇಲ್ಲವಂತೆ. ನಿನ್ನದೇ ಕಥೆಯಂತೆ, ಎಲ್ಲರೂ ನಕ್ಕರಂತೆ. ನಾಳೆ ಮಾಡುತ್ತಾಳಂತೆ. ಒಂದನ್ನೂ ಬಿಡಲಿಲ್ಲ. ಬಿಟ್ಟರೆ ಅವಳು ಸುಮ್ಮನಿರುವವಳಲ್ಲ.

ಕಾರ್ಗೋದಲ್ಲಿ ಪೆಟ್ಟಿಗೆಯನ್ನು ತೂಗಿದರು. ಅಲ್ಲಿಯ ಹುಡುಗ ಅಂಕೆ ಓದಿ ಹೇಳಿದ, ನಾನು ಕೇಳಿಸಿಕೊಳ್ಳಲಿಲ್ಲ. ಮೂವತ್ತು ವರ್ಷ ಅರ್ಧ ಅರ್ಧ ಕಿಲೋಗೆ ಕೌಂಟರಿನಲ್ಲಿ ಜಗಳ ಮಾಡಿದ ಹೆಂಗಸು, ಅವತ್ತು ಒಂದು ಮಾತಾಡದೆ ತೂಗಿಸಿಕೊಂಡಳು. ಅದೇ ವಿಮಾನದಲ್ಲಿ ಅವಳು ಕೆಳಗೆ, ನಾನು ಮೇಲೆ. ಊಟ ಕೊಟ್ಟರು. ಎರಡು ಪೊಟ್ಟಣ ಉಪ್ಪಿನಕಾಯಿ ಅವಳ ಅಭ್ಯಾಸದಂತೆ ಕಿಸೆಗೆ ಹಾಕಿಕೊಂಡೆ.

ಇನ್ನು ನಾನು ನವೆಂಬರಿನಲ್ಲಿ ಬರೆದ ಕಾರಣ. ಆಫೀಸಿಗೆ ರಜೆ, ಕತ್ತಲ ರಸ್ತೆ, ಒಂದು ದಿನದ ಲೆಕ್ಕ. ಅವೆಲ್ಲ ನಿಜವೇ, ಆದರೆ ಆಮೇಲೆ ಹೊಂದಿಸಿದವು. ಆ ಸಂಜೆ ಫೋನ್ ಬಂದಾಗ ನಾನು ಎತ್ತಿದ್ದು ಹೇಳಬೇಕೆಂದೇ. ಬಾಯಿ ತೆರೆದಿದ್ದೆ. ಅಷ್ಟರಲ್ಲಿ ನೀನು "ಮಮ್ಮಿ ಎಲ್ಲಿ" ಎಂದೆ.

ಬೆಳಿಗ್ಗೆಯಿಂದ ಎಲ್ಲರೂ ನನ್ನನ್ನು ಬಾಡಿ ಎಲ್ಲಿ ಎಂದು ಕೇಳಿದ್ದರು, ಪರ್ಲ್. ಆಸ್ಪತ್ರೆಯವರು, ಕಂಪನಿಯವರು, ಟೆರೆನ್ಸ್ ಕೂಡ. ಬಾಡಿ ಎಲ್ಲಿ, ಬಾಡಿ ಯಾವಾಗ. ಮಮ್ಮಿ ಎಲ್ಲಿ ಎಂದು ಕೇಳಿದವಳು ನೀನೊಬ್ಬಳೇ. ಇಡೀ ಲೋಕದಲ್ಲಿ ಅವಳು ಇನ್ನೂ ಬದುಕಿದ್ದ ಜಾಗ ಒಂದೇ ಉಳಿದಿತ್ತು, ನಿನ್ನ ಆ ಬೆಟ್ಟ. ಅಲ್ಲಿಂದಲೂ ಅವಳನ್ನು ಇಳಿಸಲು ನನಗೆ ಕೈ ಬರಲಿಲ್ಲ. ಮಲಗಿದ್ದಾಳೆ ಎಂದೆ.

ಆಮೇಲೆ ನೀನು ಅವಳ ದನಿಯಲ್ಲಿ "ಜೇಕಬ್, ನೀನು ಮುಳ್ಳನ್ನು ಸೊಟ್ಟಗೆ ನೋಡುತ್ತೀ" ಎಂದೆ. ನಾನು ಆ ಬಾಗಿಲ ಹತ್ತಿರದ ಕುರ್ಚಿಯಲ್ಲೇ ಕೂತಿದ್ದೆ, ಅವಳ ಇನ್ನೊಂದು ಚಪ್ಪಲಿ ಅಲ್ಲೇ ಇತ್ತು. ಇನ್ನೊಮ್ಮೆ ಹೇಳು ಎಂದದ್ದು ಅದಕ್ಕೆ. ನಕ್ಕದ್ದೂ ಸುಳ್ಳಲ್ಲ. ನೀನು ಅವಳನ್ನು ಅಣಕಿಸಿದೆ ಎಂದು ಅಸಹ್ಯ ಪಡುತ್ತೀ. ನನಗೆ ಅವತ್ತು ಅವಳು ಎರಡು ಸಲ ಮನೆಗೆ ಬಂದಳು.

ನನ್ನ ದುಃಖಕ್ಕೆ ನಿನ್ನ ದಿನವನ್ನು ಬಳಸಿಕೊಂಡೆ, ಅದು ಸತ್ಯ. ಕ್ಷಮಿಸು ಎನ್ನಲು ನಾಚಿಕೆಯಾಗುತ್ತದೆ, ಆದರೆ ಕ್ಷಮಿಸು.

ಡಿಸೆಂಬರಿಗೆ ಇಲ್ಲಿಯ ಕೆಲಸ ಮುಗಿಯುತ್ತದೆ, ವೀಸಾ ರದ್ದು. ಟೆರೆನ್ಸ್ ಬಾ ಎನ್ನುತ್ತಾನೆ. ನನಗೊಂದು ಆಸೆ ಇದೆ. ಆ ದಿನ ನೀನು ಹೇಳಿದ್ದರಲ್ಲಿ ಅರ್ಧ ನನ್ನ ತಲೆಗೆ ಹೋಗಲಿಲ್ಲ, ಬಾಯಿಗೆ ಕೈ ಒತ್ತಿ ಹಿಡಿದಿದ್ದೆ. ಮನಸ್ಸಾದರೆ ಆ ಬೆಟ್ಟದ ದಿನವನ್ನು ಒಮ್ಮೆ ಬರೆದು ಕಳಿಸು. ಮನಸ್ಸಾಗದಿದ್ದರೆ ಬೇಡ.

ನಿನ್ನ,
ಡ್ಯಾಡಿ

*

ಕುಮಾವೂನ್
೧೧ ಅಕ್ಟೋಬರ್ ೨೦೨೫

ಪ್ರೀತಿಯ ಡ್ಯಾಡಿ,

ಮೇಲಿನ ಊರಿನ ಹೆಸರು ನೋಡಿ ಗಾಬರಿಯಾಗಬೇಡಿ. ಹೋದ ವರ್ಷ ಅರ್ಧಕ್ಕೆ ಇಳಿದು ಹೋದವಳ ಉಳಿದ ದಿನಗಳು ಇಲ್ಲಿ ಹಾಗೇ ಇವೆ, ಬಂದು ಮುಗಿಸಿಕೊಂಡು ಹೋಗು ಎಂದು ಈ ಮನೆಯ ಒಡತಿ 'ದೀದಿ' ಬರೆದಿದ್ದರು. ಬರುವುದಿಲ್ಲ ಎಂದು ಉತ್ತರ ಬರೆದಿಟ್ಟಿದ್ದೆ. ನಿಮ್ಮ ಜುಲೈ ಪತ್ರ ಓದಿದ ಮೇಲೆ ಅದನ್ನು ಕಳಿಸಲಿಲ್ಲ.

ಇವತ್ತಿಗೆ ವರ್ಷ. ನೀವು ನಿನ್ನೆ ಶುಕ್ರವಾರ ಇಗರ್ಜಿಯಲ್ಲಿ ಮಮ್ಮಿಯ ಪೂಜೆ ಮಾಡಿಸಿರುತ್ತೀರಿ, ಅಂಗಿಯ ಇಸ್ತ್ರಿ ಸರಿಯಿರಲಿಲ್ಲ ಎಂದು ನನಗೆ ಗೊತ್ತು. ಇಲ್ಲಿ ಇಗರ್ಜಿ ಇಲ್ಲ. ನಾನು ಕೂತು ನೀವು ಕೇಳಿದ ದಿನವನ್ನು ಬರೆಯುತ್ತಿದ್ದೇನೆ.

ಆ ಶುಕ್ರವಾರ ಬೆಳಿಗ್ಗೆ ಗ್ರೀಷ್ಮಾ ನನ್ನನ್ನು ಕಂಬಳಿ ಎಳೆದು ಎಬ್ಬಿಸಿದಳು. ಉಡುಪಿಯ ಹುಡುಗಿ, ಚಳಿಗೆ ಎರಡು ಸ್ವೆಟರಿನ ಮೇಲೆ ಬೆಡ್‌ಶೀಟ್ ಹೊದ್ದಿದ್ದಳು. ಓಡಿಹೋಗಿ ನೋಡಿದರೆ, ಮೂರು ದಿನದಿಂದ ಮೋಡ ಮುಚ್ಚಿದ್ದ ಕಡೆಯಲ್ಲಿ ಹಿಮದ ಬೆಟ್ಟಗಳ ಸಾಲು. ಬಿಳಿ ಎಂದುಕೊಂಡಿದ್ದೆ, ಅಲ್ಲ. ಮೊದಲು ಕೆಂಪು, ಆಮೇಲೆ ಹಳದಿ, ಚಹಾ ಮುಗಿಯುವಷ್ಟರಲ್ಲಿ ಬಿಳಿ. ದೂರದ ಬೆಟ್ಟ ನುಣ್ಣಗೆ ಎಂದು ಮಮ್ಮಿ ಹೇಳುವವಳು. ಇದು ದೂರಕ್ಕೂ ನುಣ್ಣಗಿರಲಿಲ್ಲ, ಹಲ್ಲು ಹಲ್ಲಾಗಿತ್ತು. ಸಂಜೆ ಅವಳಿಗೆ ಇದನ್ನು ಹೇಳಿ ವಾದ ಮಾಡಬೇಕು ಎಂದುಕೊಂಡೆ. ಎಬ್ಬಿಸಿ ಎಂದದ್ದು ಅದಕ್ಕೇ, ಡ್ಯಾಡಿ. ಇಷ್ಟೇ ಸಣ್ಣ ವಿಷಯ.

ಫೋನು ಡಬ್ಬಿಗೆ ಹೋಯಿತು. ಜಗಲಿಯಲ್ಲಿ ಪರಾಠ. ಒಂಬತ್ತೂವರೆಗೆ ಒಂದು ಮುಸುವ ಬಂದು ತಂತಿಯ ಮೇಲೆ ಒಣಗಲು ಹಾಕಿದ್ದ ನನ್ನ ಸಾಕ್ಸ್ ಒಂದನ್ನು ಎತ್ತಿಕೊಂಡು ದೇವದಾರು ಮರ ಹತ್ತಿತು. ಎಲ್ಲರೂ ಕೂಗಿದೆವು. ಅದು ಸಾಕ್ಸನ್ನು ಮೂಸಿ ನೋಡಿ ಎಸೆಯಿತು, ಸಾಕ್ಸ್ ಕೊಂಬೆಗೆ ಸಿಕ್ಕಿಕೊಂಡಿತು. ಸಾಕ್ಸ್ ಹಾಕಿದ್ದೇನೆ ಎಂದು ನಿಮಗೆ ಸುಳ್ಳು ಹೇಳಿದ್ದೆ. ಒಂದೇ ಕಾಲಿಗೆ ಇತ್ತು. ನಿಮ್ಮ ಜನವರಿಯ ಪತ್ರದಲ್ಲಿ ಮಮ್ಮಿಯ ಚಪ್ಪಲಿಯ ಮಾತು ಓದಿದಾಗ ಆ ಪತ್ರವನ್ನು ಮಡಚಿಟ್ಟು ಎರಡು ದಿನ ತೆರೆಯಲಿಲ್ಲ.

ಮಧ್ಯಾಹ್ನದವರೆಗೆ ಇಲ್ಲಿ ಯಾರೂ ಮಾತಾಡಬಾರದು, ಬರೆಯಬೇಕು. ನಾನು ಕಿಟಕಿಯ ಹತ್ತಿರ ಕೂತು ಸೂಟ್‌ಕೇಸಿನ ಕಥೆಯನ್ನು ಬರೆದೆ. ಕೈ ನಿಲ್ಲಲಿಲ್ಲ. ಯಾರೋ ಹಿಂದೆ ನಿಂತು ಹೇಳಿ ಬರೆಸಿದ ಹಾಗೆ ಬಂತು ಎಂದರೆ ನೀವು ನಗುತ್ತೀರಿ, ನಾನು ಏನೂ ಸಾಧಿಸಲು ಹೊರಟಿಲ್ಲ. ಊಟಕ್ಕೆ ಅನ್ನ, ಹುರುಳಿಯ ಸಾರು. ಆಮೇಲೆ ಬಿಸಿಲಿಗೆ ಬೆನ್ನು ಹಾಕಿ ಎಲ್ಲರೂ ಅಂಗಳದಲ್ಲಿ ಕೂತರು, ನಾನು ಓದಿದೆ. ನಾನು ಕನ್ನಡದಲ್ಲಿ ಓದುವುದು, ಗ್ರೀಷ್ಮಾ ಹಿಂದಿಯಲ್ಲಿ ಹೇಳುವುದು. ಆದರೆ ಮಮ್ಮಿ ಗದರುವಲ್ಲಿ ಅವಳು ಹೇಳುವ ಮೊದಲೇ ಜನ ನಕ್ಕರು. ದನಿಯಲ್ಲೇ ಗೊತ್ತಾಗಿತ್ತು. ದೀದಿ ಕಣ್ಣು ಒರೆಸಿಕೊಂಡು, ನಿಮ್ಮ ತಾಯಿಯನ್ನು ಒಮ್ಮೆ ಇಲ್ಲಿಗೆ ಕರೆದುಕೊಂಡು ಬನ್ನಿ ಎಂದರು. ಬರುತ್ತಾಳೆ, ಆದರೆ ಮೂವತ್ತು ಕಿಲೋ ತರುತ್ತಾಳೆ ಎಂದೆ.

ಇದೇ ಆ ದಿನ. ಒಂದು ವರ್ಷ ಇದನ್ನು ಬೀಗ ಹಾಕಿಟ್ಟಿದ್ದೆ. ಇವತ್ತು ಬರೆಯುವಾಗ ಕೆಟ್ಟ ದಿನ ಎನಿಸಲಿಲ್ಲ. ಮಮ್ಮಿ ಇಡೀ ದಿನ ಇಲ್ಲಿದ್ದಳು. ನೀವು ಅವಳನ್ನು ಇಲ್ಲಿಂದ ಇಳಿಸದೆ ಬಿಟ್ಟದ್ದಕ್ಕೆ ಇದ್ದಳು. ಇದನ್ನು ಒಪ್ಪಿಕೊಳ್ಳಲು ನನಗೆ ಇಷ್ಟು ದಿನ ಬೇಕಾಯಿತು. ಸಿಟ್ಟು ಪೂರ್ತಿ ಹೋಗಿಲ್ಲ, ಸ್ವಲ್ಪ ಇರುತ್ತದೆ. ಇರಲಿ ಬಿಡಿ, ಅದೂ ಮಮ್ಮಿಯಿಂದ ಬಂದದ್ದೇ.

ಕಥೆಯನ್ನು ನಿನ್ನೆ ಮುಗಿಸಿದೆ. ಕೊನೆಯಲ್ಲಿ ಕಾರ್ಗೋದ ತೂಕ ಬರುತ್ತದೆ. ನಿಮ್ಮನ್ನು ಕೇಳದೆ ಬರೆದೆ, ನೀವು ಬೇಡ ಎಂದರೆ ತೆಗೆಯುತ್ತೇನೆ.

ಡಿಸೆಂಬರಿನಲ್ಲಿ ಧಾರವಾಡಕ್ಕೇ ಬನ್ನಿ. ಮಾಮನಿಗೆ ನಾನು ಹೇಳುತ್ತೇನೆ. ನನ್ನ ಮನೆಯಲ್ಲಿ ತೂಕದ ಯಂತ್ರ ಇಲ್ಲ, ನಮ್ಮದನ್ನು ತನ್ನಿ.

ಈ ಪತ್ರ ನಿಮ್ಮ ಕಂಪನಿಯ ಪೋಸ್ಟ್ ಬಾಕ್ಸಿಗೆ ಯಾವಾಗ ಬಂದು ಬೀಳುತ್ತದೋ ತಿಳಿಯದು. ಕೈಗೆ ಬಂದ ಮೇಲೆ ಮೊದಲ ಶುಕ್ರವಾರ, ನಿಮ್ಮ ನಾಲ್ಕೂವರೆಗೆ, ಅವತ್ತು ನಾನು ಮಾಡಿದ ಹೊತ್ತಿಗೇ, ನನಗೆ ಫೋನ್ ಮಾಡಿ. ಎತ್ತುತ್ತೇನೆ. ಬಾಗಿಲ ಹತ್ತಿರದ ಕುರ್ಚಿಯಲ್ಲಿ ಕೂತೇ ಮಾಡಿ. ನಾನು ಮಮ್ಮಿ ಎಲ್ಲಿ ಎಂದು ಕೇಳುತ್ತೇನೆ. ನೀವು ಮಲಗಿದ್ದಾಳೆ ಎನ್ನಿ.

ಈ ಸಲ ನಾನು ಎಬ್ಬಿಸಿ ಎನ್ನುವುದಿಲ್ಲ.

ನಿಮ್ಮ ಮಗಳು,
ಪರ್ಲ್